ನಿಮ್ಮ ಚೆಂಡು ಎಷ್ಟು ಪೌಂಡು?



ಕನ್ನಡ ಓದಲು ಬರುವವರು ನೀವೇ ಓದಿ. ಬಾರದವರು ಅಮ್ಮನಿಂದಲೋ ಅಜ್ಜಿಯಿಂದಲೋ ಓದಿಸಿಕೊಳ್ಳಿ, ಪರವಾಗಿಲ್ಲ.

ನಮ್ಮ ಕನ್ನಡ ಕೂಟದ ಚಳಿಗಾಲದ ಬೌಲಿಂಗ್ ದಿನ ಮತ್ತೆ ಹತ್ತಿರ ಬಂದಿದೆ. ಪ್ರತಿ ವರ್ಷ ನಾನು ಅಲ್ಲಿ ಒಂದೇ ದೃಶ್ಯ ನೋಡುತ್ತೇನೆ. ಬಾಡಿಗೆ ಶೂ ಹಾಕಿಕೊಂಡು ಎಲ್ಲರೂ ಚೆಂಡುಗಳ ಸಾಲಿನ ಮುಂದೆ ನಿಲ್ಲುತ್ತೀರಿ. ಹುಡುಗರ ಕೈ ನೇರವಾಗಿ 15 ಅಥವಾ 16 ಎಂದು ಬರೆದ ಚೆಂಡಿನ ಮೇಲೆ ಹೋಗುತ್ತದೆ. ನಿಮ್ಮ ಅಪ್ಪಂದಿರು ಅದನ್ನು ಓರೆಗಣ್ಣಿನಿಂದ ನೋಡಿ, ತಾವೇನು ಕಡಿಮೆ ಎಂದು ಅಷ್ಟೇ ಭಾರದ್ದನ್ನು ತೆಗೆಯುತ್ತಾರೆ. ಹುಡುಗಿಯರಲ್ಲಿ ಕೆಲವರು ಬಣ್ಣ ನೋಡಿ ಆರಿಸುತ್ತಾರೆ. ಮೂರನೆಯ ಆಟದ ಹೊತ್ತಿಗೆ ಅಪ್ಪಂದಿರೆಲ್ಲ ಭುಜ ತಿಕ್ಕಿಕೊಳ್ಳುತ್ತ ಕಾಫಿ ಕುಡಿಯುತ್ತಿರುತ್ತಾರೆ, ಹುಡುಗರ ಚೆಂಡು ಪಕ್ಕದ ಕಾಲುವೆಯಲ್ಲಿ ಉರುಳುತ್ತಿರುತ್ತದೆ.

ನಗುವ ಹಕ್ಕು ನನಗಿಲ್ಲ. ಕೆಲವು ವರ್ಷಗಳ ಹಿಂದೆ ನಾನೂ ಇದೇ ತಪ್ಪು ಮಾಡಿದೆ. ಯಾರೋ ಹೇಳಿದರು, "ದೇಹದ ತೂಕದ ಹತ್ತರಲ್ಲಿ ಒಂದು ಪಾಲು ತೂಕದ ಚೆಂಡು ತೆಗೆದುಕೊಳ್ಳಬೇಕು, ಅದೇ ನಿಯಮ" ಎಂದು. ನನ್ನ ತೂಕ 62 ಕಿಲೋ. ಅಂದರೆ ಸುಮಾರು 137 ಪೌಂಡು. ಹತ್ತರಲ್ಲಿ ಒಂದು ಪಾಲು ಎಂದರೆ ಸುಮಾರು 14. ಲೆಕ್ಕ ಸರಿಯಾಗಿಯೇ ಇತ್ತು! ಮೊದಲನೆಯ ಆಟದಲ್ಲಿ ಚಪ್ಪಾಳೆಯೂ ಸಿಕ್ಕಿತು. ಎರಡನೆಯದರಲ್ಲಿ ಕೈ ನಡುಗಿತು. ಮೂರನೆಯ ಆಟದ ನಡುವೆ ಮಣಿಕಟ್ಟು ಹಿಂದಕ್ಕೆ ಮಡಚಿಕೊಂಡು, ಚೆಂಡು ಧಡ್ ಎಂದು ನನ್ನ ಕಾಲಿನ ಪಕ್ಕದಲ್ಲೇ ಬಿತ್ತು. ಕಾಲು ಉಳಿಯಿತು, ಕೈ ಉಳಿಯಲಿಲ್ಲ. ಎರಡು ತಿಂಗಳು ಪಟ್ಟಿ ಕಟ್ಟಿಕೊಂಡಿದ್ದೆ. ಬಾಗಲಕೋಟೆ ಕಡೆಯವಳ ಮನೆಯಲ್ಲಿ ಎರಡು ತಿಂಗಳು ಜೋಳದ ರೊಟ್ಟಿ ಇಲ್ಲ, ಅಂಗಡಿಯ ಟೋರ್ಟಿಯಾಕ್ಕೆ ಎಣ್ಣೆಗಾಯಿ ಪಲ್ಯ! ಮೂಗಿಗಿಂತ ಮೂಗುತಿ ಭಾರವಾದರೆ ಆಗುವುದು ಇದೇ.

ಅಂದಿನಿಂದ ಚೆಂಡಿನ ತೂಕದ ಬಗ್ಗೆ ಕೇಳಿ, ಓದಿ, ಆಡಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಓದಿದ್ದು ಇಂಗ್ಲಿಷ್ ಬಿ.ಎ. ಭೌತಶಾಸ್ತ್ರದ ಭಾಗವನ್ನು ನನ್ನ ಎಂಜಿನಿಯರ್ ಮಗ ಬಿಡಿಸಿ ಹೇಳಿದ್ದಾನೆ. ಆದರೆ ಇದನ್ನು ಬರೆಯಲೇಬೇಕೆಂದು ಅನಿಸಿದ್ದು ಬೌಲಿಂಗ್ ಮನೆಯಲ್ಲಲ್ಲ. ಕಳೆದ ಡಿಸೆಂಬರಿನಲ್ಲಿ ಭಾರತಕ್ಕೆ ಹೋದಾಗ, ವೇರೂಳಿನ ಕೈಲಾಸ ದೇವಾಲಯದ ಮುಂದೆ. ಆ ಮಾತು ಕಡೆಗೆ ಹೇಳುತ್ತೇನೆ.

ಗಾತ್ರ ಒಂದೇ, ತೂಕ ಬೇರೆ

ಮೊದಲು ಒಂದು ಸೋಜಿಗ. ಬೌಲಿಂಗ್ ಚೆಂಡುಗಳೆಲ್ಲ ಹೆಚ್ಚುಕಡಿಮೆ ಒಂದೇ ಗಾತ್ರ. ಅಡ್ಡಳತೆ ಸುಮಾರು ಎಂಟೂವರೆ ಇಂಚು. 8 ಪೌಂಡಿನ ಚೆಂಡೂ ಅಷ್ಟೇ ದಪ್ಪ, 16 ಪೌಂಡಿನದೂ ಅಷ್ಟೇ ದಪ್ಪ. ವ್ಯತ್ಯಾಸವೆಲ್ಲ ಒಳಗೆ ತುಂಬಿದ ವಸ್ತುವಿನಲ್ಲಿ. 11 ಪೌಂಡಿನ ಚೆಂಡನ್ನು ನೀರಿಗೆ ಹಾಕಿದರೆ ತೇಲುತ್ತದೆ, 13 ಪೌಂಡಿನದು ಮುಳುಗುತ್ತದೆ. ಆದ್ದರಿಂದ ಕಣ್ಣಿನಿಂದ ಆರಿಸಲು ಸಾಧ್ಯವಿಲ್ಲ, ಕೈಯಿಂದಲೇ ಆರಿಸಬೇಕು.

ಹತ್ತು ಪಿನ್ನಿನ ಆಟದಲ್ಲಿ ಚೆಂಡು 16 ಪೌಂಡಿಗಿಂತ ಹೆಚ್ಚು ಇರುವಂತಿಲ್ಲ. ನಮ್ಮ ಲೆಕ್ಕದಲ್ಲಿ ಏಳೂಕಾಲು ಕಿಲೋ. ಕನಿಷ್ಠ ತೂಕ ಇಷ್ಟೇ ಇರಬೇಕೆಂಬ ನಿಯಮವಿಲ್ಲ. ಇದನ್ನು ಗಮನಿಸಿ: ಹಗುರ ಚೆಂಡಿನಿಂದ ಆಡುವುದು ಮೋಸವೂ ಅಲ್ಲ, ಮಕ್ಕಳಾಟವೂ ಅಲ್ಲ. ವೃತ್ತಿಪರ ಆಟಗಾರರಲ್ಲೇ ಅನೇಕರು 16 ಬಿಟ್ಟು 15ಕ್ಕೆ ಇಳಿದಿದ್ದಾರೆ. ಭುಜ ಗಟ್ಟಿಯಿಲ್ಲವೆಂದಲ್ಲ, ದಿನವಿಡೀ ಒಂದೇ ರೀತಿ ಎಸೆಯಬೇಕೆಂದು.

ಭಾರದ ಚೆಂಡಿನಿಂದ ಲಾಭವಿಲ್ಲವೆ? ಇದೆ. ಒಂದು ಪಿನ್ನಿನ ತೂಕ ಸುಮಾರು ಮೂರೂವರೆ ಪೌಂಡು. ಚೆಂಡು ಪಿನ್ನಿಗೆ ನೇರವಾಗಿ, ಶಕ್ತಿ ಸೋರಿಹೋಗದಂತೆ ಬಡಿಯಿತು ಎಂದಿಟ್ಟುಕೊಳ್ಳಿ. 14 ಪೌಂಡಿನ ಚೆಂಡಿಗೆ ತನ್ನ ವೇಗದ ನೂರಕ್ಕೆ 60 ಪಾಲು ಉಳಿಯುತ್ತದೆ, 10 ಪೌಂಡಿನದಕ್ಕೆ 48 ಪಾಲು. ಹಗುರ ಚೆಂಡು ಮೊದಲ ಪಿನ್ನಿಗೆ ಬಡಿದು ಪಕ್ಕಕ್ಕೆ ಸರಿಯುವುದೂ ಹೆಚ್ಚು, ಅದರಿಂದ ಹಿಂದಿನ ಪಿನ್ನುಗಳು ಉಳಿದುಬಿಡುತ್ತವೆ. "ಹಾಗಾದರೆ ಭಾರದ್ದೇ ಒಳ್ಳೆಯದು" ಎನ್ನುತ್ತೀರಿ. ತಡೆಯಿರಿ. ಚೆಂಡಿನ ಶಕ್ತಿ ತೂಕದಿಂದ ಮಾತ್ರ ಬರುವುದಿಲ್ಲ. ತೂಕ ಎರಡರಷ್ಟಾದರೆ ಶಕ್ತಿ ಎರಡರಷ್ಟು, ವೇಗ ಎರಡರಷ್ಟಾದರೆ ಶಕ್ತಿ ನಾಲ್ಕರಷ್ಟು. 10 ಪೌಂಡಿನ ಚೆಂಡನ್ನು ನೂರಕ್ಕೆ 18ರಷ್ಟು ಹೆಚ್ಚು ವೇಗದಿಂದ ಬಿಟ್ಟರೆ 14 ಪೌಂಡಿನದರಷ್ಟೇ ಶಕ್ತಿ ಇರುತ್ತದೆ. ಎಲ್ಲಕ್ಕಿಂತ ಮೊದಲು, 60 ಅಡಿ ದೂರದ ಪಿನ್ನಿನವರೆಗೆ ಚೆಂಡು ನೆಟ್ಟಗೆ ಹೋಗಬೇಕಲ್ಲ! ಕಾಲುವೆಗೆ ಬಿದ್ದ 16 ಪೌಂಡು ಎಷ್ಟು ಪಿನ್ ಬೀಳಿಸೀತು?

ಹತ್ತರ ಲೆಕ್ಕದ ತಪ್ಪು

ದೇಹದ ತೂಕದ ಹತ್ತರಲ್ಲಿ ಒಂದು ಪಾಲು ಎಂಬ ಮಾತನ್ನು ನೀವು ಎಲ್ಲ ಕಡೆ ಕೇಳುತ್ತೀರಿ. ಚಿಕ್ಕ ಮಕ್ಕಳಿಗೆ ವಯಸ್ಸು ಎಷ್ಟೋ ಅಷ್ಟು ಪೌಂಡು ಎಂದೂ ಹೇಳುತ್ತಾರೆ. ಇವು ಎಲ್ಲಿಂದ ಹುಡುಕಲು ಶುರುಮಾಡಬೇಕು ಎಂದು ತೋರಿಸುವ ಗುರುತುಗಳು, ಅಷ್ಟೇ. ನನ್ನ 62 ಕಿಲೋದಲ್ಲಿ ಭುಜದ ಪಾಲೆಷ್ಟು, ಮಣಿಕಟ್ಟಿನ ಪಾಲೆಷ್ಟು, ಮೈಸೂರು ಪಾಕಿನ ಪಾಲೆಷ್ಟು ಎಂದು ಆ ಲೆಕ್ಕಕ್ಕೆ ಗೊತ್ತಿಲ್ಲ. ದೇಹ ಬೆಳೆದ ಹಾಗೆಲ್ಲ ಮಣಿಕಟ್ಟು ಬೆಳೆಯುವುದಿಲ್ಲ.

ಇನ್ನೊಂದು ಲೆಕ್ಕ ನೋಡಿ. ಇದು ಅಡಿಗೆಮನೆಯದು, ನನಗೆ ಚೆನ್ನಾಗಿ ಅರ್ಥವಾಗುವುದು. ನಮ್ಮಂಥ ಹೊಸಬರಿಗೆ ಸ್ಟ್ರೈಕ್ ಬೀಳುವುದು ಅಪರೂಪ. ಒಂದು ಆಟದಲ್ಲಿ ಸುಮಾರು 20 ಸಲ ಚೆಂಡು ಎಸೆಯುತ್ತೇವೆ, ಮೂರು ಆಟಕ್ಕೆ 60 ಸಲ. 14 ಪೌಂಡಿನ ಚೆಂಡಾದರೆ ಒಟ್ಟು 840 ಪೌಂಡು ಎತ್ತಿದಂತೆ, 10 ಪೌಂಡಿನದಾದರೆ 600. ವ್ಯತ್ಯಾಸ 240 ಪೌಂಡು. ಅಂದರೆ 20 ಪೌಂಡಿನ ಸೋನಾ ಮಸೂರಿ ಅಕ್ಕಿಯ 12 ಚೀಲ! ಅಕ್ಕಿಚೀಲವನ್ನಾದರೂ ಎದೆಗೆ ಅವುಚಿಕೊಂಡು ಹೊರುತ್ತೇವೆ. ಈ ಚೆಂಡು ತೂಗುವುದು ಮೂರು ಬೆರಳಿನ ಮೇಲೆ.

ಕೈಯನ್ನೇ ಕೇಳಿ

ಹಾಗಾದರೆ ಆರಿಸುವುದು ಹೇಗೆ? ನಾನು ಮಾಡುವ ಕ್ರಮ ಇದು.

ಮೊದಲು ಬೆರಳು. ಹೆಬ್ಬೆರಳು, ನಡುಬೆರಳು, ಉಂಗುರಬೆರಳು, ಈ ಮೂರಕ್ಕೇ ತೂತು. ಹೆಬ್ಬೆರಳು ಪೂರ್ತಿ ಒಳಗೆ ಹೋಗಬೇಕು, ಹೊರಗೆ ಬರುವಾಗ ಸ್ವಲ್ಪ ಸವರಿಕೊಂಡು ಸಲೀಸಾಗಿ ಬರಬೇಕು. ಉಳಿದ ಎರಡು ಬೆರಳು ಎರಡನೆಯ ಗೆಣ್ಣಿನವರೆಗೆ ಇಳಿಯಬೇಕು. ತೂತು ದೊಡ್ಡದಾದರೆ ಚೆಂಡು ಜಾರೀತೆಂಬ ಭಯದಿಂದ ಹಿಂಡಿ ಹಿಡಿಯುತ್ತೀರಿ, ಹಿಂಡಿ ಹಿಡಿದ ಕೈ ಬೇಗ ಸೋಲುತ್ತದೆ. ಎಷ್ಟೋ ಸಲ "ಚೆಂಡು ಭಾರ" ಎಂದು ನಾವು ಗೊಣಗುವುದು ತೂಕಕ್ಕಲ್ಲ, ಹೊಂದದ ತೂತಿಗೆ. ಬಾಡಿಗೆ ಚೆಂಡುಗಳಲ್ಲಿ ಹಗುರವಾದವಕ್ಕೆ ಸಣ್ಣ ತೂತು, ಭಾರದವಕ್ಕೆ ದೊಡ್ಡ ತೂತು ಇರುವುದೇ ಹೆಚ್ಚು. ಬೆರಳು ದಪ್ಪವಿರುವವರು ಅದಕ್ಕಾಗಿಯೇ ಭಾರದ ಚೆಂಡಿಗೆ ಸಿಕ್ಕಿಬೀಳುತ್ತಾರೆ. ಬೇಸರವಿಲ್ಲದೆ ನಾಲ್ಕಾರು ಚೆಂಡು ನೋಡಿ, ಹಗುರವಾದದ್ದರಲ್ಲೂ ದೊಡ್ಡ ತೂತಿನದು ಸಿಕ್ಕೀತು.

ಆಮೇಲೆ ತೂಕ. ಎರಡೂ ಕೈಯಲ್ಲಿ ಚೆಂಡು ಹಿಡಿದು ಮುಂದಕ್ಕೆ ಚಾಚಿ, ಐದು ಎಣಿಸಿ. ಕೈ ನಡುಗಿದರೆ ಒಂದು ಪೌಂಡು ಇಳಿಯಿರಿ. ನಂತರ ಬೆರಳು ತೂರಿಸಿ ಕೈಯನ್ನು ಪಕ್ಕಕ್ಕೆ ಇಳಿಬಿಡಿ. ಆ ಕಡೆಯ ಭುಜ ಜಗ್ಗಿದರೆ, ಸೊಂಟ ವಾಲಿದರೆ, ಮತ್ತೆ ಒಂದು ಪೌಂಡು ಇಳಿಯಿರಿ. ಗಡಿಯಾರದ ಲೋಲಕದ ಹಾಗೆ ಚೆಂಡು ತನ್ನ ಭಾರಕ್ಕೆ ತಾನೇ ತೂಗಬೇಕು. ನೀವು ಅದನ್ನು ತೋಳಿನ ಬಲದಿಂದ ಎಳೆಯಬಾರದು, ಅದೂ ನಿಮ್ಮನ್ನು ಎಳೆಯಬಾರದು.

ತೀರ ಹಗುರವಾದರೂ ಕಷ್ಟವೇ. ಲೋಲಕ ಹೋಗಿ ಕವಣೆ ಆಗುತ್ತದೆ. ಕೈ ಅತ್ತಿತ್ತ ಓಡುತ್ತದೆ, ಚೆಂಡು ಗಾಳಿಯಲ್ಲಿ ಹಾರಿ ಬೀಳುತ್ತದೆ. ಹಾಗಾದರೆ ಒಂದು ಪೌಂಡು ಮೇಲಕ್ಕೆ ಹೋಗಿ. ಏರುವುದೂ ಇಳಿಯುವುದೂ ಒಂದೊಂದೇ ಪೌಂಡು ಇರಲಿ.

ಕಡೆಯ ಪರೀಕ್ಷೆ ಆಟದ ನಡುವೆಯೇ ಆಗುತ್ತದೆ. ನಿಮ್ಮ ಮೊದಲ ಎಸೆತವನ್ನು ನೋಡಬೇಡಿ, ಮೂರನೆಯ ಆಟದ ಹತ್ತನೆಯ ಫ್ರೇಮಿನ ಎಸೆತವನ್ನು ನೋಡಿ. ಮುಖ್ಯವಾಗಿ, ಚೆಂಡು ನೆಲಕ್ಕೆ ತಾಗುವ ಸದ್ದು ಕೇಳಿ. ಧಡ್ ಎಂದರೆ ಭಾರ ಹೆಚ್ಚಾಯಿತು. ಸರ್‍ ಎಂದು ಜಾರಿತೋ, ಅದು ನಿಮ್ಮ ಚೆಂಡು.

ಇನ್ನೆರಡು ಮಾತು, ಅಮ್ಮನ ಹಾಗೆ. ವಾಪಸು ಬರುವ ಚೆಂಡನ್ನು ಎರಡೂ ಪಕ್ಕದಿಂದ ಎರಡೂ ಕೈಯಿಂದ ಎತ್ತಿ. ಹಿಂದೆ ಮುಂದೆ ಕೈಯಿಟ್ಟರೆ ಇನ್ನೊಂದು ಚೆಂಡು ಬಂದು ಬೆರಳು ಜಜ್ಜುತ್ತದೆ. ನೋವು ಬಂದ ಕೂಡಲೇ ನಿಲ್ಲಿಸಿ, "ಇದೊಂದು ಆಟ ಮುಗಿಸಿಬಿಡುತ್ತೇನೆ" ಎನ್ನಬೇಡಿ. ನಾನು ಹಾಗಂದೇ ಎರಡು ತಿಂಗಳು ಕೂತದ್ದು.

ಅಜ್ಜನ ಗುಂಡುಕಲ್ಲು

ಪಟ್ಟಿ ಕಟ್ಟಿಕೊಂಡು ಕೂತಾಗ ನನಗೆ ನೆನಪಾದದ್ದು ನಮ್ಮ ಅಜ್ಜ. ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹನುಮಪ್ಪನ ಗುಡಿಯ ಮುಂದೋ ಗರಡಿಮನೆಯ ಅಂಗಳದಲ್ಲೋ ಗುಂಡುಕಲ್ಲುಗಳು ಬಿದ್ದಿರುತ್ತವೆ. ಸಂಗ್ರಾಣಿ ಕಲ್ಲು ಎತ್ತುವ ಪಂದ್ಯ ಜಾತ್ರೆಗಳಲ್ಲಿ ಈಗಲೂ ನಡೆಯುತ್ತದೆ. ನಮ್ಮೂರ ಗುಡಿಯ ಮುಂದೆ ಮೂರು ಕಲ್ಲಿದ್ದವು: ಸಣ್ಣದು, ನಡುವಿನದು, ದೊಡ್ಡದು. ಹುಡುಗರೆಲ್ಲ ದೊಡ್ಡದರ ಮೇಲೆ ಕಣ್ಣಿಟ್ಟವರೇ. ಅಜ್ಜ ಗುಡಿಯ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕುತ್ತ ಕೂತಿರುತ್ತಿದ್ದ. ಯಾರಾದರೂ ಹುರುಪಿನಿಂದ ನಡುವಿನ ಕಲ್ಲು ಎತ್ತಿ ಎದೆಮಟ್ಟ ತಂದು ಧೊಪ್ಪನೆ ಬಿಟ್ಟರೆ, ಅಜ್ಜ ತಲೆ ಅಲ್ಲಾಡಿಸಿ ಹೇಳುತ್ತಿದ್ದ: "ಎತ್ತಿದ್ದು ನೋಡಾಂಗಿಲ್ಲೋ ತಮ್ಮಾ, ಇಳಿಸಿದ್ದು ನೋಡಬೇಕು. ನೆಲಕ್ಕ ಕೇಳಸದಂಗ ಇಳಿಸಿದ ದಿನಾ ಆ ಕಲ್ಲು ನಿಂದು. ಆವಾಗ ಮುಂದಿಂದು ಮುಟ್ಟು."

ಆಗ ನಾನು ಫ್ರಾಕು ಹಾಕುವ ಹುಡುಗಿ. ಅಜ್ಜನ ಮಾತು ಅರ್ಥವಾಗಲು ನನಗೆ ಅಮೆರಿಕದ ಬೌಲಿಂಗ್ ಮನೆ ಬೇಕಾಯಿತು.

ವೇರೂಳಿನ ರಾವಣ

ಈಗ ವೇರೂಳಿಗೆ ಬನ್ನಿ. ಇಂಗ್ಲಿಷಿನಲ್ಲಿ ನೀವು ಎಲ್ಲೋರಾ ಎಂದು ಓದಿರುತ್ತೀರಿ. ಮಹಾರಾಷ್ಟ್ರದ ಛತ್ರಪತಿ ಸಂಭಾಜಿನಗರದಿಂದ ಸುಮಾರು 30 ಕಿಲೋಮೀಟರ್. 2023ರವರೆಗೆ ಆ ನಗರದ ಹೆಸರು ಔರಂಗಾಬಾದ್. ಮಹಾರಾಷ್ಟ್ರದಲ್ಲಿದ್ದರೂ ಅದು ನಮಗೆ ಪರಸ್ಥಳವಲ್ಲ. ಅಲ್ಲಿಯ 16ನೆಯ ಗುಹೆಯಾದ ಕೈಲಾಸ ದೇವಾಲಯವನ್ನು ಕೆತ್ತಿಸಿದ ಕೀರ್ತಿ 8ನೆಯ ಶತಮಾನದ ರಾಷ್ಟ್ರಕೂಟ ದೊರೆ ಒಂದನೆಯ ಕೃಷ್ಣನದು. ಮುಂದೆ ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಅದೇ ವಂಶದ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ 'ಕವಿರಾಜಮಾರ್ಗ' ಕನ್ನಡ ನಾಡಿನ ಉತ್ತರದ ಎಲ್ಲೆ ಗೋದಾವರಿ ಎನ್ನುತ್ತದೆ. ವೇರೂಳ್ ಆ ಗೋದಾವರಿಗೂ ಉತ್ತರಕ್ಕಿದೆ!

ಆ ಗುಡಿಯನ್ನು ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿಲ್ಲ. ಒಂದೇ ಬೆಟ್ಟವನ್ನು ನೆತ್ತಿಯಿಂದ ಕೆಳಕ್ಕೆ ಕೆತ್ತುತ್ತ, ಬೇಡದ ಕಲ್ಲನ್ನು ತೆಗೆಯುತ್ತ ಇಳಿದಿದ್ದಾರೆ. ಸುಮಾರು ನೂರು ಅಡಿ ಎತ್ತರದ ಗುಡಿ ಹಾಗೆ ಬೆಟ್ಟದೊಳಗಿಂದ ಹೊರಬಂತು. ಭಾರ ಎತ್ತಿ ಅಲ್ಲ, ಭಾರ ಇಳಿಸಿ ಮಾಡಿದ ಕೆಲಸ.

ನಾನು, ನಮ್ಮವರು, ಮಗ ಮೂವರೂ ಹೋಗಿದ್ದೆವು. ಗುಡಿಯ ದಕ್ಷಿಣದ ಗೋಡೆಯಲ್ಲಿ ರಾವಣ ಕೈಲಾಸವನ್ನು ಎತ್ತುವ ದೊಡ್ಡ ಶಿಲ್ಪವಿದೆ. ಕೆಳಗೆ ಕತ್ತಲ ಗೂಡಿನಂಥ ಜಾಗದಲ್ಲಿ ರಾವಣ ತನ್ನ ಅಷ್ಟೂ ತೋಳು ಹಾಕಿ ಬೆಟ್ಟ ಅಲುಗಿಸುತ್ತಿದ್ದಾನೆ. ಮೇಲೆ ಪಾರ್ವತಿ ಹೆದರಿ ಶಿವನ ತೋಳು ಹಿಡಿದಿದ್ದಾಳೆ, ಸಖಿಯೊಬ್ಬಳು ಓಡುತ್ತಿದ್ದಾಳೆ. ಶಿವ ಮಾತ್ರ ನಿಶ್ಚಿಂತೆಯಿಂದ ಕೂತು ಕಾಲಿನಿಂದ ಬೆಟ್ಟವನ್ನು ಒತ್ತುತ್ತಿದ್ದಾನೆ. ಕಥೆ ನಿಮಗೆ ಗೊತ್ತಿರಬಹುದು. ದಾರಿಗೆ ಅಡ್ಡ ಬಂತೆಂದು ರಾವಣ ಕೈಲಾಸವನ್ನೇ ಕಿತ್ತೆತ್ತಲು ಹೊರಟ. ಶಿವ ಹೆಬ್ಬೆರಳು ಒತ್ತಿದ. ತೋಳುಗಳು ಬೆಟ್ಟದಡಿ ಸಿಕ್ಕಿಕೊಂಡವು. ಕೂಗಿ ಕೂಗಿ, ಶಿವನನ್ನು ಹಾಡಿ ಹೊಗಳಿದ ಮೇಲೆಯೇ ಬಿಡುಗಡೆ. ರಾವಣ ಎಂಬ ಹೆಸರು ಬಂದದ್ದೇ ಆ ಕೂಗಿನಿಂದ ಎನ್ನುತ್ತಾರೆ.

ನಾನು ನನ್ನ ಮಣಿಕಟ್ಟು ತೋರಿಸಿ, "ನೋಡು, ಇವನೂ ತೂಕ ನೋಡದೆ ಚೆಂಡು ಆರಿಸಿದವನೇ" ಎಂದು ನಕ್ಕೆ. ಮಗ ನಗಲಿಲ್ಲ. ಸ್ವಲ್ಪ ಹೊತ್ತು ನೋಡುತ್ತ ನಿಂತು, ತನ್ನ ಮುರಿದ ಕನ್ನಡದಲ್ಲಿ ಹೇಳಿದ: "ಇಲ್ಲ ಅಮ್ಮಾ. ಅವನು ಎತ್ತಿದ. ಇಳಿಸೋಕೆ ಆಗ್ಲಿಲ್ಲ." ಮತ್ತೆ ಒಂದು ಕ್ಷಣ ಬಿಟ್ಟು, "ಆ ಸ್ಟೇಜ್ ಮೇಲೆ ನಂದೂ ಹಂಗೇ ಆಗಿತ್ತು" ಎಂದ.

ಯಾವ ಸ್ಟೇಜ್ ಎಂದು ನಾನು ಕೇಳಬೇಕಾಗಿರಲಿಲ್ಲ. ಅವನಿಗೆ ಹನ್ನೊಂದು ವರ್ಷ. ನಮ್ಮ ಕೂಟದ ರಾಜ್ಯೋತ್ಸವ. ಬೇರೆ ಮಕ್ಕಳೆಲ್ಲ ಎರಡು ನಿಮಿಷದ ಶಿಶುಗೀತೆ ಹೇಳುವವರು. ನನ್ನ ಮಗ ಮಾತ್ರ ಪಂಪನ ಪದ್ಯ ಹೇಳಬೇಕು ಎಂದು ಹಟ ಹಿಡಿದವಳು ನಾನು. ಅವನಿಗೆ ಅದರ ಒಂದು ಪದವೂ ಅರ್ಥವಾಗುತ್ತಿರಲಿಲ್ಲ. ಮೂರು ತಿಂಗಳು ಉರುಹೊಡೆಸಿದೆ. ವೇದಿಕೆಯ ಮೇಲೆ ನಾಲ್ಕನೆಯ ಸಾಲಿಗೆ ಮರೆತುಹೋಯಿತು. ನಾನು ಮುಂದಿನ ಸಾಲಿನಲ್ಲಿ ಕೂತು ತುಟಿ ಅಲ್ಲಾಡಿಸಿ ಹೇಳಿಕೊಡುತ್ತಿದ್ದೆ. ಅವನು ನನ್ನನ್ನೇ ನೋಡುತ್ತ ನಿಂತಿದ್ದ, ಆಮೇಲೆ ಇಳಿದು ಹೋದ. ಆ ದಿನದಿಂದ ಮನೆಯಲ್ಲಿ ಅವನ ಕನ್ನಡ "ಹೂಂ", "ಊಟ", "ಸಾಕು" ಅಷ್ಟಕ್ಕೆ ನಿಂತಿತು. "ಈಗಿನ ಮಕ್ಕಳಿಗೆ ಭಾಷಾಭಿಮಾನವಿಲ್ಲ" ಎಂದು ನಾನು ಇದೇ ಪತ್ರಿಕೆಯಲ್ಲಿ ಒಮ್ಮೆ ಬರೆದೂ ಇದ್ದೆ. 16 ಪೌಂಡಿನ ಚೆಂಡನ್ನು ಮಗುವಿನ ಕೈಗೆ ಕೊಟ್ಟವಳು ನಾನು, ಕೈ ಸೋತದ್ದಕ್ಕೆ ದೂರಿದ್ದು ಅವನನ್ನು.

ಅಲ್ಲಿಯೇ ಅವನಿಗೆ "ತಪ್ಪು ನಂದು ಕಣೋ" ಎಂದೆ. ಇಷ್ಟು ವರ್ಷ ಹೇಳಿರಲಿಲ್ಲ. ಅವನು "ಬಿಡಮ್ಮಾ" ಎಂದ, ಅಷ್ಟೇ. ಆದರೆ ವಾಪಸು ಬರುವಾಗ ಕಾರಿನಲ್ಲಿ ತಾನಾಗಿಯೇ ಕೇಳಿದ: "ಎತ್ತು ಅಂದ್ರೆ ಬುಲ್ ಅಲ್ವಾ? ಲಿಫ್ಟ್‌ಗೂ ಎತ್ತು ಅಂತಾರಾ? ಹಾಗಾದ್ರೆ ಎತ್ತನ್ನ ಎತ್ತು ಅಂದ್ರೆ?" ಮೂವರೂ ನಕ್ಕೆವು. ಅರ್ಧ ಗಂಟೆ ಕನ್ನಡದಲ್ಲೇ ಮಾತಾಡಿದ. ತಪ್ಪುಗಳನ್ನು ನಾನು ಎಣಿಸಲಿಲ್ಲ. ಅದು ಅವನ ಕೈಗೆ ಹೊಂದುವ ತೂಕದ ಕನ್ನಡ.

ಈಗ ವಾರಕ್ಕೊಮ್ಮೆ ಫೋನಿನಲ್ಲಿ ಹೊಸ ಪದ ಒಂದೋ ಎರಡೋ ಕೇಳುತ್ತಾನೆ. ಪಂಪನನ್ನು ಅವನು ಓದುತ್ತಾನೋ ಇಲ್ಲವೋ ಗೊತ್ತಿಲ್ಲ. ಓದಿದರೆ ಒಂದೊಂದೇ ಪೌಂಡು ಏರಿ ಹೋಗಲಿ.

ಆದ್ದರಿಂದ ಮಿತ್ರರೇ, ಈ ಸಲ ಬೌಲಿಂಗ್ ದಿನಕ್ಕೆ ಬಂದಾಗ ಪಕ್ಕದವರು ಯಾವ ಚೆಂಡು ತೆಗೆದರೆಂದು ನೋಡಬೇಡಿ. ಹಗುರ ಚೆಂಡು ತೆಗೆದವರನ್ನು ಹಂಗಿಸಬೇಡಿ. ನಿಮ್ಮ ಅಪ್ಪಂದಿರಿಗೆ ಈ ಲೇಖನ ಓದಿ ಹೇಳಿ, ಅಥವಾ ಅವರಿಂದಲೇ ಓದಿಸಿ, ಇನ್ನೂ ಒಳ್ಳೆಯದು! ನಾನು 10 ಪೌಂಡಿನ ಚೆಂಡು ಹಿಡಿದು ಕೊನೆಯ ಲೇನಿನಲ್ಲಿರುತ್ತೇನೆ. ಮಗನೂ ರಜೆ ಹಾಕಿ ಬರುತ್ತೇನೆಂದಿದ್ದಾನೆ, ಅವನದು 13. ನಿಮ್ಮದೆಷ್ಟು ಎಂದು ಬಂದು ಹೇಳಿ, ಕನ್ನಡದಲ್ಲಿ. ಹದಿಮೂರು, ಹದಿನಾಲ್ಕು ಎನ್ನಲು ತಡವರಿಸಿದರೂ ಚಿಂತೆಯಿಲ್ಲ. ಚಕ್ಕುಲಿ ತಂದಿರುತ್ತೇನೆ.